ನಡುಗೆರೆಯ ಆಚೆಯ ಅರ್ಧ

ನಾನು ಮರಗೆಲಸದವನು, ಆದರೆ ಕುರ್ಚಿ ಮೇಜು ಮಾಡುವವನಲ್ಲ. ಫೌಂಡ್ರಿಗೆ ಪ್ಯಾಟರ್ನ್ ಮಾಡುವವನು. ಕಬ್ಬಿಣದ ಪಂಪನ್ನೋ ವಾಲ್ವನ್ನೋ ಎರಕ ಹೊಯ್ಯುವ ಮೊದಲು ಅದೇ ಆಕಾರವನ್ನು ಮರದಲ್ಲಿ ಕೆತ್ತಿ ಮರಳಿಗೆ ಒತ್ತಬೇಕು; ಆ ಮರದ ತುಂಡೇ ಪ್ಯಾಟರ್ನ್. ಕೆಲಸವನ್ನು ಬೆಳಗಾವಿಯಲ್ಲಿ ಕಲಿತೆ, ಕೆಲವು ವರ್ಷ ಸೂರತ್ತಿನ ಹಜೀರಾದಲ್ಲಿ ದುಡಿದೆ, ಆಮೇಲೆ ವಡೋದರಾಕ್ಕೆ ಬಂದು ಇಲ್ಲೇ ಬೇರುಬಿಟ್ಟೆ. ಈಗ ನಮ್ಮ ಶಾಪಿಗೆ ಕಂಪ್ಯೂಟರ್ ಮೆಷಿನ್ ಬಂದಿದೆ. ನಾನು ಒಂದು ವಾರ ಕೆತ್ತುತ್ತಿದ್ದುದನ್ನು ಅದು ಒಂದು ಮಧ್ಯಾಹ್ನದಲ್ಲಿ ಕೊರೆದು ಬಿಸಾಕುತ್ತದೆ. ನನ್ನ ಪಾಲಿಗೆ ಉಳಿದದ್ದು ಒಡೆದ ಹಳೆಯ ಪ್ಯಾಟರ್ನುಗಳ ರಿಪೇರಿ, ಮತ್ತೆ ಹೊಸ ಎಂಜಿನಿಯರುಗಳ "ಅಂಕಲ್, ಜರಾ ದೇಖೋ ನಾ" ಎಂಬ ಕನಿಕರ. ಕನಿಕರ ನನಗೆ ಆಗಿಬರುವುದಿಲ್ಲ.

ಭಾನುವಾರಗಳಲ್ಲಿ ವಿಮಾನ ಕೆತ್ತುತ್ತೇನೆ, ಇಪ್ಪತ್ತು ವರ್ಷದಿಂದ. ಯುದ್ಧದ ವಿಮಾನಗಳು, ಅದೂ ನಮ್ಮವರು ಹಾರಿಸಿದ ಹಳೆಯವು. ಯಾಕೆ ಎಂದರೆ ಹೇಳಲು ದೊಡ್ಡ ಕಾರಣವೇನೂ ಇಲ್ಲ. ಪಂಪಿನ ಪ್ಯಾಟರ್ನು ಮರಳಿಗೆ ಹೋಗಿ ಮಸಿ ಬಳಿದುಕೊಂಡು ಗೋಡೌನಿನ ಮೂಲೆ ಸೇರುತ್ತದೆ. ಕೈಯಲ್ಲಿ ಹಿಡಿದು ನೋಡುವಂಥದ್ದು ಒಂದಾದರೂ ಇರಲಿ ಅನ್ನಿಸಿತ್ತು. ಸಾಗವಾನಿಯ ತುಂಡು, ನಾಲ್ಕು ಉಳಿ, ಮರ ಕೀಸಲು ಒಂದು ಸಣ್ಣ ರಂದಾ, ಸ್ಯಾಂಡ್‌ಪೇಪರು, ಬಾಲ್ಕನಿಯೇ ಕಾರ್ಖಾನೆ. ಮರದ ಹುಡಿ ಒರೆಸಿ ಒರೆಸಿ ಬೇಸತ್ತ ನನ್ನ ಹೆಂಡತಿ, "ಈ ಮನ್ಯಾಗ ಮನಷ್ಯಾರು ಕುಂದ್ರಾಕ ಜಾಗ ಇಲ್ಲ, ಇಮಾನ ಇಳ್ಯಾಕ ಮಾತ್ರ ಎಲ್ಲಾ ಕಡೆ ಜಾಗ ಐತಿ" ಎನ್ನುತ್ತಾಳೆ. ಟಿವಿಯ ಪಕ್ಕ, ಫ್ರಿಜ್ಜಿನ ಮೇಲೆ, ದೇವರ ಗೂಡಿನ ಮೇಲೆ ಕೂಡ ವಿಮಾನ ಕೂತಿರುವುದರಿಂದ ನಾನು ಎದುರು ಮಾತಾಡುವುದಿಲ್ಲ.

ಸ್ಟೇಷನ್ನಿನ ಹಿಂಬದಿಯಲ್ಲಿ ಉಡುಪಿ ಕಡೆಯವರ ಒಂದು ಹೋಟೆಲಿದೆ. ಕೊಯಾಲಿ ರಿಫೈನರಿಯ ಕನ್ನಡದವರೆಲ್ಲ ಭಾನುವಾರ ಬೆಳಿಗ್ಗೆ ಅಲ್ಲಿ ಸಿಗುತ್ತಾರೆ. ಇಲ್ಲಿನ ಗುಜರಾತಿ ಗಿರಾಕಿಗಳಿಗಾಗಿ ಸಾಂಬಾರಿಗೆ ಬೆಲ್ಲ ಸುರಿಯುತ್ತಾರೆ. ನನ್ನ ಮುಖ ಕಂಡರೆ ಮಾತ್ರ ಒಳಗಿನಿಂದ ಖಾರದ್ದು ಬರುತ್ತದೆ. ಗಲ್ಲಾದ ಹಿಂದಿನ ಗೋಡೆಯಲ್ಲಿ ವಾಯುಸೇನೆಯ ಸಮವಸ್ತ್ರ ತೊಟ್ಟ ಯುವಕನ ಫೋಟೋ, ಅದಕ್ಕೆ ಗಂಧದ ಹಾರ. ಹೋಟೆಲಿನ ಮಾಲಕನ ಸೋದರಮಾವ, ಯುದ್ಧದಲ್ಲಿ ಹೋದವರು, ಅಷ್ಟು ನನಗೆ ಗೊತ್ತಿತ್ತು. ಈಚೆಗೆ ಒಂದು ಬೇಸಿಗೆಯ ಭಾನುವಾರ ಮಾಲಕ ನನ್ನ ಮೇಜಿಗೆ ಬಂದು, "ಅಮ್ಮ ಕರೀತಿದ್ದಾರೆ, ಸ್ವಲ್ಪ ಮೇಲೆ ಬನ್ನಿ" ಎಂದರು.

ಹೋಟೆಲಿನ ಮಹಡಿಯ ಮೇಲೆ ಅವರ ಮನೆ. ಅಮ್ಮನಿಗೆ ಎಪ್ಪತ್ತು ದಾಟಿ ಬಹಳವಾಗಿದೆ. ಸಕ್ಕರೆ ಕಾಯಿಲೆ ಎರಡೂ ಕಣ್ಣು ತಿಂದಿದೆ. ನಾನು ಕೂರುವ ಮೊದಲೇ ಮಾತು ಶುರು ಮಾಡಿದರು.

"ನೀನು ಮರದಲ್ಲಿ ವಿಮಾನ ಮಾಡ್ತಿಯಂತಲ್ಲ, ಹೌದಾ?"

"ಹೌದ್ರಿ ಅಮ್ಮಾರ."

"ನಂಗೊಂದು ಮಾಡಿ ಕೊಡ್ಬೇಕು. ಶೋಕೇಸಿನಲ್ಲಿ ಇಡ್ಲಿಕ್ಕೆ ಅಲ್ಲ. ಒಂದು ತೀರ್ಮಾನ ಮಾಡ್ಲಿಕ್ಕೆ ಉಂಟು ನಂಗೆ."

ಕಥೆ ಹೇಳಿದರು. ಅವರ ಅಣ್ಣ ಪೈಲಟ್ ಅಲ್ಲ, ನ್ಯಾವಿಗೇಟರ್, ಎಂದರೆ ವಿಮಾನದಲ್ಲಿ ಕೂತು ದಾರಿ ಹೇಳುವವರು. ಇಬ್ಬರೇ ಕೂರುವ ಬಾಂಬರ್ ಅದು. ಅದರ ಹೆಸರು ಅಮ್ಮ ಹೇಳಿದರು, ನಾನಿಲ್ಲಿ ಬರೆಯುವುದಿಲ್ಲ. ಅದರಲ್ಲಿ ಸತ್ತವರ ಮನೆಮಂದಿ ಇನ್ನೂ ಇದ್ದಾರೆ. ಐವತ್ತು ವರ್ಷಕ್ಕೂ ಹಿಂದಿನ ಯುದ್ಧದಲ್ಲಿ ಗಡಿಯಾಚೆ ಅದಕ್ಕೆ ಗುಂಡು ಬಿತ್ತು. ಪೈಲಟ್ ಪ್ಯಾರಾಚೂಟಿನಲ್ಲಿ ಇಳಿದು ಸೆರೆ ಸಿಕ್ಕಿ, ವರ್ಷದ ಮೇಲೆ ಬಿಡುಗಡೆಯಾಗಿ ಬಂದ. ಅಣ್ಣನ ಹೆಣವೂ ಬರಲಿಲ್ಲ, ಸುದ್ದಿಯೂ ಬರಲಿಲ್ಲ. ಬಿಡುಗಡೆಯಾದ ಪೈಲಟ್ ಹುಡುಕಿಕೊಂಡು ಕರಾವಳಿಯ ಅವರ ಮನೆಗೆ ಹೋಗಿದ್ದನಂತೆ.

"ಇಬ್ರು ಹೋದದ್ದು, ಒಬ್ಬ ಬಂದ. ಅಣ್ಣನನ್ನು ಬಿಟ್ಟು ತಾನು ಹಾರಿದ್ದು ಅಂತಲೇ ನಮ್ಮ ಮನೆಯಲ್ಲಿ ಎಲ್ರೂ ತಿಳ್ಕೊಂಡದ್ದು. ಬಿಸಿಲಲ್ಲಿ ಬಂದವ ಜಗಲಿಯಲ್ಲಿ ನಿಂತು ನೀರು ಕೇಳಿದ. ನಮ್ಮಲ್ಲಿ ವೈರಿ ಬಂದ್ರೂ ಬೆಲ್ಲ ನೀರು ಕೊಡುವ ಕ್ರಮ. ನಾನು ಕೊಡ್ಲಿಲ್ಲ. ಒಬ್ರೇ ಬರ್ಲಿಕ್ಕೆ ನಾಚಿಕೆ ಆಗ್ಲಿಲ್ವಾ ಅಂತ ಕೇಳಿ ಬಾಗಿಲು ಹಾಕಿದೆ. ಇಪ್ಪತ್ತೊಂದು ವರ್ಷ ನಂಗೆ ಆಗ."

ಈಗ ವಿಷಯ ಏನೆಂದರೆ, ಎರಡು ವಾರದ ಹಿಂದೆ ಅಹಮದಾಬಾದಿನ ಒಬ್ಬ ಹೆಂಗಸು ಕೆಳಗೆ ದೋಸೆ ತಿಂದು ಹಣ ಕೊಡಲು ಬಂದವರು ಗೋಡೆಯ ಫೋಟೋ ನೋಡಿ ಅಲ್ಲೇ ಅಳಲಿಕ್ಕೆ ಶುರುಮಾಡಿದರಂತೆ. ಅದೇ ಫೋಟೋ ಅವರ ಅಪ್ಪನ ಕಪಾಟಿನಲ್ಲಿಯೂ ಇದೆ. ಅವರ ಅಪ್ಪನೇ ಆ ಪೈಲಟ್. ಚಾಂದ್‌ಖೇಡಾದಲ್ಲಿ ಮಗಳ ಮನೆಯಲ್ಲಿದ್ದಾನೆ, ಶ್ವಾಸಕೋಶ ಕೆಟ್ಟಿದೆ, ಹೆಚ್ಚು ದಿನ ಇಲ್ಲ. ಸಾಯುವ ಮೊದಲು ಒಮ್ಮೆ ಈ ತಂಗಿಯನ್ನು ನೋಡಬೇಕು ಎಂದು ಆಸೆ. ಆದರೆ ಕರೆಯದೆ ಎರಡನೇ ಸಲ ಆ ಮನೆಯ ಮೆಟ್ಟಿಲು ಹತ್ತುವುದಿಲ್ಲ ಎಂದು ಹಟ.

"ಅವ ಬಿಟ್ಟು ಹಾರಿದ್ದಾ, ಅಲ್ಲ ಅಣ್ಣನಿಗೇ ಹಾರ್ಲಿಕ್ಕೆ ಆಗ್ಲಿಲ್ವಾ? ಅದು ಗೊತ್ತಾಗದೆ ನಾನು ಅವನನ್ನು ಬಾ ಅಂತ ಹೇಗೆ ಹೇಳ್ಲಿ? ಅವನನ್ನೇ ಕೇಳಿದ್ರೆ ತನಗೆ ಬೇಕಾದ ಹಾಗೆ ಹೇಳಿಯಾನು. ಮಗ ಮೊಬೈಲು ನೋಡಿ ಎಂತೆಂಥದೋ ಹೇಳ್ತಾನೆ, ನನ್ನ ತಲೆಗೆ ಹೋಗುದಿಲ್ಲ. ನಂಗೆ ಬೆರಳಿಗೆ ಸಿಗ್ಬೇಕು. ಅಣ್ಣ ಎಲ್ಲಿ ಕೂತದ್ದು, ಅವ ಎಲ್ಲಿ ಕೂತದ್ದು. ಮರ ಸುಳ್ಳು ಹೇಳುದಿಲ್ಲ."

ಎಷ್ಟೋ ವರ್ಷದ ಮೇಲೆ ನನ್ನ ಕೈಗೆ ಯಾರೋ ಬೆಲೆ ಕೊಟ್ಟಿದ್ದರು. ಎದೆ ಉಬ್ಬಿತು. ಆ ಉಬ್ಬಿದ ಎದೆಯನ್ನು ನೆನೆದರೆ ಇಂದು ನನಗೆ ಮೈ ಉರಿಯುತ್ತದೆ.

ಇಂಟರ್ನೆಟ್ಟಿನಲ್ಲಿ ಆ ವಿಮಾನದ ನಕ್ಷೆ ಹುಡುಕಿ ಝೆರಾಕ್ಸ್ ಅಂಗಡಿಯಲ್ಲಿ ದೊಡ್ಡದು ಮಾಡಿಸಿದೆ. ಎಡಮಗ್ಗುಲಿನ ನೋಟ ಪೂರ್ತಿ ಬಂತು. ಮುಂಭಾಗದ ನೋಟ ಹಾಳೆಯ ಅಂಚಿಗೆ ಸಿಕ್ಕಿ ಕತ್ತರಿಸಿಹೋಯಿತು. ಮೇಲಿನಿಂದ ನೋಡಿದ ನೋಟದಲ್ಲಿ ನಡುವೆ ಒಂದು ಗೆರೆ ಎಳೆದು, ಎಡಗಡೆ ಬೆನ್ನಿನ ಅರ್ಧ, ಬಲಗಡೆ ಹೊಟ್ಟೆಯ ಅಡಿಭಾಗದ ಅರ್ಧ ತೋರಿಸಿದ್ದರು. ಜಾಗ ಉಳಿಸಲು ಹಾಗೆ ಮಾಡುತ್ತಾರೆ. ಬೆನ್ನಿನ ಬಲಗಡೆಯ ಅರ್ಧ ಹಾಳೆಯಲ್ಲಿ ಎಲ್ಲೂ ಇರಲಿಲ್ಲ.

ನಮ್ಮ ಕಸುಬಿನಲ್ಲಿ ಅದು ಇರಬೇಕಾಗಿಯೂ ಇಲ್ಲ. ನಡುಗೆರೆ ಹಾಕಿ ಅರ್ಧ ತೋರಿಸಿದರೆ ಇನ್ನರ್ಧ ಅದರ ಕನ್ನಡಿ ಎಂದೇ ಅರ್ಥ. ಮೂವತ್ತು ವರ್ಷ ಪಂಪು, ವಾಲ್ವು, ಮೋಟಾರಿನ ಕವಚ ಎಲ್ಲವನ್ನೂ ಹಾಗೆಯೇ ಮಾಡಿದವನು ನಾನು. ಒಂದು ಅರ್ಧ ಕೆತ್ತು, ಅದನ್ನು ಮಗುಚಿ ಇನ್ನೊಂದು ಕೆತ್ತು, ಎರಡನ್ನೂ ಗೂಟ ಹಾಕಿ ಕೂಡಿಸು. ನಕ್ಷೆಯಲ್ಲಿ ಎಡ ಅರ್ಧದ ಮೇಲೆ, ನಡುಗೆರೆಗೆ ತಾಗಿದಂತೆ, ಪೈಲಟ್ ಕೂರುವ ಜಾಗದ ಮೇಲಿನ ಗುಳ್ಳೆಯಂಥ ಗಾಜಿನ ಗುಬ್ಬಿ ಇತ್ತು. ಸರಿ, ಬಲಕ್ಕೂ ಒಂದು ಗುಬ್ಬಿ. ಇಬ್ಬರು ತಾನೇ ಇದ್ದದ್ದು? ಲಾರಿಯ ಕ್ಯಾಬಿನ್ನಿನಲ್ಲಿ ಡ್ರೈವರ್ ಪಕ್ಕ ಕ್ಲೀನರ್ ಕೂತ ಹಾಗೆ ಅಕ್ಕಪಕ್ಕ ಕೂತಿದ್ದರು. ಲೆಕ್ಕ ಸರಿಹೋಯಿತು. ವಿಮಾನದ ಬಗ್ಗೆ ನಾಲ್ಕು ಸಾಲು ಓದಲಿಲ್ಲ, ಒಂದು ಫೋಟೋ ನೋಡಲಿಲ್ಲ. ನಕ್ಷೆ ಓದಲು ಬರುವವನಿಗೆ ಇನ್ನೇನು ಓದಬೇಕು ಎಂಬ ಕೊಬ್ಬು.

ಮೂರು ವಾರ ಹಿಡಿಯಿತು. ಎರಡು ಗೇಣು ಉದ್ದದ ವಿಮಾನ, ಪ್ಯಾಟರ್ನಿನಂತೆಯೇ ನಡುವೆ ಬಿಚ್ಚಿಕೊಳ್ಳುವುದು. ಒಳಗೆ ಎರಡು ಸೀಟು, ಬೆರಳಿಗೆ ಸಿಗುವಷ್ಟು ದಪ್ಪ. ಒಂದು ಭಾನುವಾರ ಬೆಳಿಗ್ಗೆ ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋಗಿ ಅಮ್ಮನ ಮಡಿಲಲ್ಲಿ ಇಟ್ಟೆ.

ಅವರು ಅವಸರ ಮಾಡಲಿಲ್ಲ. ರೆಕ್ಕೆ, ಎಂಜಿನ್, ಬಾಲ ಎಲ್ಲ ಮುಟ್ಟಿ, ಏನು ಎತ್ತ ಕೇಳಿದರು. ಆಮೇಲೆ ನಾನು ಎರಡು ಹೋಳು ಬಿಚ್ಚಿ ಕೊಟ್ಟೆ. ಒಂದೊಂದು ಕೈಯ ಬೆರಳನ್ನು ಒಂದೊಂದು ಸೀಟಿನಲ್ಲಿ ಇಟ್ಟುಕೊಂಡು ಕೂತರು.

"ಇದು ಪೈಲಟಂದು. ಇದು ಅಣ್ಣಂದು. ಇಬ್ರದ್ದೂ ಒಂದೇ ಥರದ ಸೀಟಾ?"

"ಹೌದ್ರಿ ಅಮ್ಮಾರ. ಹಿಡಿಕಿ ಜಗ್ಗಿದ್ರ ಸೀಟು ಸಮೇತ ಹೊರಗ ಒಗೀತೈತಿ. ಆಮ್ಯಾಲ ಪ್ಯಾರಾಚೂಟ್ ಬಿಚ್ಚತೈತಿ."

ಬೇರೆ ವಿಮಾನಗಳಲ್ಲಿ ಹಾಗಿತ್ತು. ಇದರಲ್ಲಿಯೂ ಹಾಗೆಯೇ ಇರುತ್ತದೆ ಎಂದು ನಾನೇ ಸೇರಿಸಿಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ಇಷ್ಟು ಹತ್ರ!" ಎಂದರು ಅಮ್ಮ. "ಭುಜಕ್ಕೆ ಭುಜ ತಾಗ್ತಿತ್ತು. ಕೈ ಚಾಚಿ ಒಂದು ಸಲ ಅಲುಗಾಡಿಸಿದ್ರೆ ಸಾಕಿತ್ತು. ಅಣ್ಣನಿಗೆ ಪೆಟ್ಟಾಗಿ ಮೈಮರೆತಿದ್ರೂ ಆ ಹಿಡಿಕೆ ಪೈಲಟೇ ಎಳೀಬಹುದಿತ್ತು. ಎಳೀಲಿಲ್ಲ. ಪಕ್ಕದಲ್ಲಿ ಕೂತವನನ್ನು ನೋಡಿ, ಬಿಟ್ಟು, ಹಾರಿದ್ದು!"

ಮಗನನ್ನು ಕರೆದು, ಬರುವುದು ಬೇಡ ಎಂದು ಅಹಮದಾಬಾದಿಗೆ ಹೇಳು ಎಂದರು. ಮಗ ಬಾಲ್ಕನಿಗೆ ಹೋಗಿ ಫೋನ್ ಮಾಡಿ ಬಂದರು. ಅಮ್ಮ ಅತ್ತರು, ಆದರೆ ಅದು ಹಗುರಾದವರ ಅಳು. ಆಗ ತಾನು ಮಾಡಿದ್ದು ಸರಿಯೇ, ನೀರು ಕೊಡದೆ ಇದ್ದದ್ದು ಸರಿಯೇ ಎಂದು ಎರಡು ಮೂರು ಸಲ ಹೇಳಿಕೊಂಡರು. ನನಗೆ ಬಾಳೆಲೆ ಹಾಕಿ ಊಟ ಹಾಕಿಸಿದರು. ಪಾಯಸವನ್ನು ನಾನು ಎರಡು ಸಲ ಹಾಕಿಸಿಕೊಂಡೆ.

ಎರಡು ವಾರದ ನಂತರ, ಅದೂ ಭಾನುವಾರವೇ, ಅಂಥದ್ದೇ ಇನ್ನೊಂದನ್ನು ನನಗಾಗಿ ಮಾಡಿಕೊಳ್ಳೋಣ, ಬಣ್ಣವನ್ನೂ ಬಳಿಯೋಣ ಎಂದು ಅದರ ಫೋಟೋ ಹುಡುಕಿದೆ. ಎದುರಿನಿಂದ ತೆಗೆದ ಒಂದು ಚಿತ್ರ ಸಿಕ್ಕಿತು. ನೋಡಿದರೆ ಗುಬ್ಬಿ ಒಂದೇ. ಕುಂಕುಮವನ್ನು ಹಣೆಯ ಒಂದು ಪಕ್ಕಕ್ಕೆ ಇಟ್ಟ ಹಾಗೆ, ನಡುವಿನಿಂದ ಸರಿದು ವಿಮಾನದ ಎಡಕ್ಕೆ ಇತ್ತು. ಬಲಗಡೆ ಬೋಳು. ಚಿತ್ರ ತಪ್ಪಿರಬೇಕು ಎಂದು ಇನ್ನೊಂದು ನೋಡಿದೆ, ಮತ್ತೊಂದು ನೋಡಿದೆ. ಆಮೇಲೆ, ಮೊದಲೇ ಓದಬೇಕಾಗಿದ್ದುದನ್ನು ಕೂತು ಓದಿದೆ.

ಪೈಲಟ್ ಎಡಗಡೆಯ ಗುಬ್ಬಿಯಲ್ಲಿ ಒಬ್ಬನೇ. ನ್ಯಾವಿಗೇಟರ್ ಕೂರುತ್ತಿದ್ದದ್ದು ಕೆಳಗೆ, ಮುಂದೆ, ವಿಮಾನದ ಮೂಗಿನೊಳಗೆ. ಒಬ್ಬರ ಮುಖ ಒಬ್ಬರಿಗೆ ಕಾಣದು, ಕೈ ಚಾಚಿದರೆ ಸಿಗದು, ಮಾತೆಲ್ಲ ಕಿವಿಗೆ ಹಾಕಿದ ತಂತಿಯಲ್ಲಿ. ಹೊರಗೆ ಒಗೆಯುವ ಸೀಟು ಪೈಲಟ್‌ಗೆ ಮಾತ್ರ. ನ್ಯಾವಿಗೇಟರ್ ತನ್ನ ಬಿಲದಿಂದ ತೆವಳಿಕೊಂಡು ಬಂದು, ಬಲಮಗ್ಗುಲಿನ ಸಣ್ಣ ಬಾಗಿಲು ತೆಗೆದು, ತಾನಾಗಿ ಹಾರಬೇಕು. ಉರಿಯುತ್ತಾ ಬೀಳುವ ವಿಮಾನದಲ್ಲಿ ಅದಕ್ಕೆ ಪುರುಸೊತ್ತು ಎಲ್ಲಿಂದ ಬರಬೇಕು? ಯಾರೂ ಯಾರನ್ನೂ ಬಿಟ್ಟು ಹಾರಿರಲಿಲ್ಲ. ಆ ಅಣ್ಣನಿಗೆ ಉಳಿಯುವ ದಾರಿಯೇ ಇರಲಿಲ್ಲ ಎನ್ನಬೇಕು.

ನನ್ನ ಮುಖ ನೋಡಿ ಹೆಂಡತಿ ಏನಾಯಿತೆಂದು ಕೇಳಿದಳು. ಹೇಳಿದೆ.

"ಅಟ್ಟ ಮ್ಯಾಲ ಒಲಿ ಉರೀತು, ಕೆಟ್ಟ ಮ್ಯಾಲ ಬುದ್ಧಿ ಬಂತು," ಎಂದಳು. "ಆತು, ಈಗರ ಹೋಗ್ರಿ. ಇವತ್ತ ಹೋಗಿ ಹೇಳಿ ಬರ್ರಿ. ಆ ಮನಷ್ಯಾ ಇನ್ನೂ ಅದಾನ."

"ಬರಿಗೈಲೆ ಹೆಂಗ ಹೋಗ್ಲೇ? ಸರಿಯಾದದ್ದ ಮಾಡ್ಕೊಂಡ ಹೋಗ್ತೇನಿ. ಮರದಾಗ ಆದ ತಪ್ಪ ಮರದಾಗ ತಿದ್ದಬೇಕು."

"ಫೋನ್ರ ಮಾಡ್ರಿ."

"ನನ್ನ ಕೆಲಸ ನನಗ ಕಲಿಸಬ್ಯಾಡ!" ಎಂದು ಹಾರಾಡಿದೆ. ಅವಳು ಮತ್ತೆ ಆ ಮಾತು ಎತ್ತಲಿಲ್ಲ. ಬಾಲ್ಕನಿ ಒರೆಸುವುದನ್ನೂ ಬಿಟ್ಟಳು.

ಬರಿಗೈಯಲ್ಲಿ ಹೋಗಬಾರದು ಎಂಬುದು ಒಂದು ನೆಪ. ನಿಜ ಹೇಳುತ್ತೇನೆ, ನಾಚಿಕೆಯಾಗಿತ್ತು. ಪಾಯಸ ತಿಂದ ಬಾಯಲ್ಲಿ, ನಾನು ನಕ್ಷೆ ತಪ್ಪಾಗಿ ಓದಿದೆ ಅಮ್ಮಾರ ಎನ್ನುವುದು ಹೇಗೆ? ಕಂಪ್ಯೂಟರ್ ಮೆಷಿನ್ನು ಮಾಡದ ತಪ್ಪನ್ನು ಮೂವತ್ತು ವರ್ಷದ ಕೈ ಮಾಡಿತು ಎನ್ನುವುದು ಹೇಗೆ? ಸರಿಯಾದದ್ದು ಕೈಯಲ್ಲಿದ್ದರೆ ತಪ್ಪು ಚಿಕ್ಕದಾಗಿ ಕಂಡೀತು ಅಂದುಕೊಂಡೆ. ಕೆಲಸಕ್ಕೆ ರಜೆ ಹಾಕದೆ, ದಿನಾ ಸಂಜೆ ಬಂದು ಕೂತು ಕೆತ್ತಿದೆ. ಮೂಗಿನೊಳಗಿನ ಗೂಡನ್ನು ಎರಡು ಸಲ ಕೆಡಿಸಿ ಮಾಡಿದೆ. ಬಲಮಗ್ಗುಲಿನ ಬಾಗಿಲಿಗೆ ಸೂಜಿಯಷ್ಟು ಸಣ್ಣ ತಿರುಗಣೆ ಇಟ್ಟು, ತೆಗೆದು ಹಾಕಲು ಬರುವಂತೆ ಮಾಡಿದೆ. ಅದಕ್ಕೇ ಮೂರು ಸಂಜೆ ಹೋಯಿತು. ಕೊನೆಗೆ ಮೇಣ ಉಜ್ಜಿ ಹೊಳಪು ಕೂಡ ಕೊಟ್ಟೆ. ಕಣ್ಣಿಲ್ಲದ ಮುದುಕಿಗೆ ಹೊಳಪು!

ಮುಂದಿನ ವಾರದ ಗುರುವಾರ ಮಧ್ಯಾಹ್ನ ಶಾಪಿನಿಂದ ಬೇಗ ಹೊರಟು ಅಮ್ಮನ ಮನೆಗೆ ಹೋದೆ. ತಪ್ಪಾಗಿದೆ ಎಂದು ಒಂದೇ ಉಸಿರಿಗೆ ಹೇಳಿ ಹೊಸದನ್ನು ಬಿಚ್ಚಿ ಕೈಗೆ ಕೊಟ್ಟೆ. ಅವರು ಗುಬ್ಬಿ ಮುಟ್ಟಿದರು, ಪಕ್ಕದ ಬೋಳು ಜಾಗ ಮುಟ್ಟಿದರು. ನಾನು ಅವರ ಕಿರುಬೆರಳು ಹಿಡಿದು ಮೂಗಿನ ಗೂಡಿನೊಳಗೆ ಇಟ್ಟೆ.

"ಇಲ್ಲಿ ನಿಮ್ಮ ಅಣ್ಣಾರು."

"ಇದೆಂತ, ಇಷ್ಟು ಇಕ್ಕಟ್ಟು? ಅವ ಆರಡಿ ಆಳು." ಬೆರಳನ್ನು ನಿಧಾನ ಹಿಂದಕ್ಕೆ ತಂದು ಬಾಗಿಲು ಹುಡುಕಿದರು. "ಇಲ್ಲಿಂದ ಇಲ್ಲಿಯವರೆಗೆ ಹರ್ಕೊಂಡು ಬರ್ಬೇಕಾ?"

"ಹೌದ್ರಿ."

"ಆ ಎಸೆಯುವ ಸೀಟು?"

"ಇದ್ದಿಲ್ರಿ. ಪೈಲಟಗ ಅಷ್ಟ ಇತ್ತು."

"ಅವನಿಗೆ ಇವ ಕಾಣ್ತಿದ್ನಾ?"

"ಇಲ್ರಿ ಅಮ್ಮಾರ. ದನಿ ಅಷ್ಟ."

"ಇದೆಲ್ಲ ಅಣ್ಣನಿಗೆ ಗೊತ್ತಿತ್ತಾ?"

"ಗೊತ್ತಿತ್ತ್ರಿ. ಹತ್ತಿ ಕುಂತಾಗೊಮ್ಮೆ ಗೊತ್ತಿತ್ತು."

ಅಯ್ಯೋ ದೇವರೇ ಎಂದು ವಿಮಾನವನ್ನು ಎದೆಗೆ ಒತ್ತಿಕೊಂಡರು. ಬಹಳ ಹೊತ್ತು ಅತ್ತರು. ಮೊದಲ ಸಲ ಅತ್ತ ಹಾಗಲ್ಲ ಅದು, ನೋಡಲಾಗಲಿಲ್ಲ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಮಗನನ್ನು ಕೂಗಿದರು. "ಅವನಿಗೆ ಬರ್ಲಿಕ್ಕೆ ಹೇಳುದಲ್ಲ. ನಾವೇ ಹೋಗುವ. ನಾಳೆಯೇ ಹೋಗುವ, ಕಾರು ತೆಗಿ. ನಾನು ಅವನ ಕಾಲು ಹಿಡೀಬೇಕು. ಈಗ್ಲೇ ಫೋನ್ ಮಾಡು."

ಅಮ್ಮನಿಗೂ ಕೇಳಲಿ ಎಂದು ಮಗ ಸ್ಪೀಕರ್ ಹಾಕಿದರು. ಆ ಹೆಂಗಸಿನ ಧ್ವನಿ ಶಾಂತವಾಗಿತ್ತು. "ಪಾಪಾ ತೋ ಶುಕ್ರವಾರ್ ಕೋ ಚಲೇ ಗಯೇ," ಎಂದಿತು. ಹೋದ ಶುಕ್ರವಾರ. ತೀರಿಕೊಂಡು ಆರು ದಿನವಾಗಿತ್ತು. ನೀವು ಬೇಡ ಅಂದ ಮೇಲೆ ಅಪ್ಪ ಮತ್ತೆ ಆ ವಿಷಯ ಎತ್ತಲೇ ಇಲ್ಲ, ಬಿಡಿ, ನಿಮ್ಮ ನೋವು ನಿಮಗೆ, ಎಂದೂ ಹಿಂದಿಯಲ್ಲಿ ಹೇಳಿತು. ದೂರಲಿಲ್ಲ. ಮಗ ಏನೋ ಎರಡು ಮಾತು ಹೇಳಿ ಫೋನ್ ಇಟ್ಟರು. ಕೆಳಗಿನಿಂದ ಗಿರಾಕಿಗಳು ಕರೆದರೂ ಹೋಗಲಿಲ್ಲ, ಅಲ್ಲೇ ಗೋಡೆಗೆ ಒರಗಿ ನಿಂತರು.

ಅಮ್ಮನ ಬೆರಳು ಇನ್ನೂ ವಿಮಾನದ ಮೇಲೆಯೇ ಆಡುತ್ತಿತ್ತು. ಆ ಸಣ್ಣ ಬಾಗಿಲನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡಿದರು. ಮೇಣ ಹಚ್ಚಿದ ಬೆನ್ನನ್ನು ಸವರಿದರು.

"ಇದನ್ನು ಮಾಡ್ಲಿಕ್ಕೆ ಎಷ್ಟು ದಿವಸ ಹಿಡೀತು ನಿಂಗೆ?"

ಕೆಲಸದವನ ಬಾಯಿ, ಯೋಚಿಸುವ ಮೊದಲೇ ಹೇಳಿಬಿಟ್ಟಿತು. "ಹನ್ನೊಂದು ದಿನ್ರಿ."

ಹೇಳಿದ ಮೇಲೆ ಗೊತ್ತಾಯಿತು. ಅಮ್ಮ ಹೆಬ್ಬೆರಳನ್ನು ಉಳಿದ ಬೆರಳುಗಳ ಗಿಣ್ಣಿನ ಮೇಲೆ ಒಂದೊಂದಾಗಿ ಇಡುತ್ತಾ, ಗುರುವಾರದಿಂದ ಹಿಂದಕ್ಕೆ ಎಣಿಸಿದರು. ಶುಕ್ರವಾರದಲ್ಲಿ ಒಮ್ಮೆ ನಿಂತರು. ಮುಂದೆ ಎಣಿಸಿ ಭಾನುವಾರಕ್ಕೆ ಮುಟ್ಟಿದರು. ನಡುವೆ ಐದು ದಿನ. ಆ ಐದು ದಿನ ಪೈಲಟ್ ಬದುಕಿದ್ದ, ನಾನು ಬಾಗಿಲಿನ ತಿರುಗಣೆ ಕೂರಿಸುತ್ತಿದ್ದೆ. ಅಹಮದಾಬಾದಿಗೆ ಕಾರಿನಲ್ಲಿ ಎರಡು ತಾಸಿನ ದಾರಿ.

ಅವರು ಬೈಯಲಿಲ್ಲ. ಎರಡು ಹೋಳನ್ನೂ ಕೂಡಿಸಿ, ಗೂಟಕ್ಕೆ ಗೂಟ ಸರಿಯಾಗಿ ಕೂತದ್ದನ್ನು ಮುಟ್ಟಿ ನೋಡಿ, ನನ್ನ ಕಡೆಗೆ ಚಾಚಿದರು. ನಾನು ತೆಗೆದುಕೊಂಡೆ.

"ತಪ್ಪಾಯ್ತು ಅಂತ ಹೇಳ್ಲಿಕ್ಕೆ ವಿಮಾನ ಎಂತಕ್ಕೆ ಮಾರಾಯ?" ಎಂದರು. "ಬಾಯಿ ಸಾಕಿತ್ತಲ್ಲ."

ಬೆರಳಿಗೆ ಸಿಗಬೇಕು ಎಂದವರು ನೀವೇ ಅಲ್ಲವೇ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಂಥ ಮನುಷ್ಯ ನಾನು. ಅದನ್ನು ನುಂಗಿ, ವಿಮಾನವನ್ನು ಟವೆಲಿನಲ್ಲಿ ಸುತ್ತಿಕೊಂಡು, ಮೆಟ್ಟಿಲು ಇಳಿದೆ.